ರೇಡಿಯೋಗೆ ನೇಕಾರರ ಸಂದರ್ಶನ: ಹೇಗೆ ತಯಾರಾಗೋದು?

ಪ್ರಶ್ನೆ
ಸಮುದಾಯ ರೇಡಿಯೋಗೆ 28 ನಿಮಿಷದ ಕಾರ್ಯಕ್ರಮ ಮಾಡಬೇಕು, ಆಮೇಲೆ ಅದನ್ನೇ ಪಾಡ್‌ಕಾಸ್ಟ್ ಆಗಿಯೂ ಹಾಕಬೇಕು. ಅತಿಥಿ ಇಳಕಲ್ ಸೀರೆ ನೇಯುವ, ಎಪ್ಪತ್ತು ದಾಟಿದ ಹಿರಿಯರು. ರೆಕಾರ್ಡಿಂಗ್ ಅವರ ಮನೆಯಲ್ಲೇ. ಇರೋದು ಒಂದು ರೆಕಾರ್ಡರ್, ಒಂದು ಹ್ಯಾಂಡ್ ಮೈಕ್. ಎಲ್ಲದಕ್ಕೂ ‘ಹೂನ್ರಿ’ ಅಂತ ಮುಗಿಸಿಬಿಟ್ಟರೆ ಏನು ಮಾಡೋದು? ಪ್ರಶ್ನೆ ಎಷ್ಟು ಬರ್ಕೊಂಡು ಹೋಗಬೇಕು? ಮಗ್ಗದ ಸದ್ದು ಅಡ್ಡ ಬರಲ್ವಾ?

ಉತ್ತರ 1
‘ಹೂನ್ರಿ’ ಬರೋದು ಪ್ರಶ್ನೆಯ ಬಾಲದಿಂದ. ‘ಈ ಕೆಲಸ ಕಷ್ಟಾನಾ?’, ‘ಮಕ್ಕಳು ಕಲಿತಿದ್ದಾರಾ?’ ಹೀಗೆ ‘ಆ’ ಅಂತ ಮುಗಿಯೋ ಪ್ರಶ್ನೆಗೆ ಹೂಂ ಅಥವಾ ಇಲ್ಲ, ಎರಡೇ ಉತ್ತರ. ಬರ್ಕೊಂಡ ಪ್ರಶ್ನೆಗಳ ಕೊನೆಯ ಅಕ್ಷರ ಮಾತ್ರ ಒಮ್ಮೆ ನೋಡ್ಕೊಂಡು ಹೋಗಿ. ಅಂಥವು ಸಿಕ್ಕರೆ ‘ಬೆಳಗ್ಗೆ ಮಗ್ಗಕ್ಕೆ ಇಳಿದ ಮೇಲೆ ಮೊದಲು ಏನು ಮಾಡ್ತೀರಿ?’ ಅನ್ನೋ ಥರ ಬದಲಾಯಿಸಿ. ‘ಯಾಕೆ’ ಬಗ್ಗೆಯೂ ಹುಷಾರು. ‘ಮಗ ಯಾಕೆ ನೇಯಲ್ಲ?’ ಅಂದರೆ ತಕರಾರಿನ ಹಾಗೆ ಕೇಳುತ್ತೆ. ‘ಮಗ ಬೇರೆ ಕೆಲಸಕ್ಕೆ ಹೋಗಿದ್ದು ಹೇಗೆ?’ ಅಂದರೆ ಮಾತು ಬರುತ್ತೆ.

ಒಂದು ಸಲಕ್ಕೆ ಒಂದೇ ಪ್ರಶ್ನೆ. ಮೂರು ಪ್ರಶ್ನೆ ಪೋಣಿಸಿದರೆ ಉತ್ತರ ಸಿಗೋದು ಕೊನೆಯದಕ್ಕೆ ಮಾತ್ರ.

28 ನಿಮಿಷಕ್ಕೆ ಎಂಟು ಹತ್ತು ಪ್ರಶ್ನೆ ಧಾರಾಳ ಸಾಕು. ಪೂರ್ತಿ ವಾಕ್ಯ ಬರ್ಕೋಬೇಡಿ, ಓದೋಕೆ ಶುರು ಮಾಡ್ತೀರಿ, ಅದು ಧ್ವನಿಯಲ್ಲೇ ಗೊತ್ತಾಗುತ್ತೆ. ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ‘ಕೊಂಡಿ’, ‘ಕೂಲಿ’, ‘ಬಣ್ಣ’ ಅಂತ ಬರೆದಿದ್ದರೆ ಸಾಕು. ಶುರುವಿನ ಪ್ರಶ್ನೆ ಮಾತ್ರ ಬಾಯಿಪಾಠ ಇರಲಿ.

ಉತ್ತರ 2
ಮೊದಲೇ ಫೋನ್ ಮಾಡಿ, ಹತ್ತು ಹದಿನೈದು ನಿಮಿಷ ಸಾಕು. ವಿಷಯ ಏನೇನು ಇದೆ ಅಂತ ತಿಳ್ಕೊಳ್ಳಿ, ಕಥೆ ಹೇಳಿಸ್ಕೋಬೇಡಿ. ಶುರು ಮಾಡಿದರೆ ‘ಇದನ್ನ ಅಲ್ಲಿಗೆ ಬಂದಾಗ ಕೇಳ್ತೀನ್ರಿ’ ಅಂತ ತಡೀರಿ. ಎರಡನೇ ಸಲ ಹೇಳುವಾಗ ‘ಆಗಲೇ ಹೇಳಿದ್ನಲ್ರಿ’ ಅಂತ ಅರ್ಧಕ್ಕರ್ಧ ನುಂಗಿಬಿಡ್ತಾರೆ.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ (ಮಗ್ಗದ ಉದ್ದಕ್ಕೆ ಎಳೆದು ಕಟ್ಟಿದ ನೂಲು) ಸೆರಗಿನ ಹಾಸನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸ್ತಾರೆ. ಇಷ್ಟಾದರೂ ತಿಳ್ಕೊಂಡು ಹೋಗಿ, ಆದರೆ ಅದನ್ನ ವಿವರಿಸೋದು ಅವರ ಬಾಯಿಂದಲೇ ಬರಲಿ. ಕೈ ತೋರಿಸಿ ‘ಹಿಂಗ, ಇಷ್ಟು ಉದ್ದ’ ಅಂದಾಗ ಕೇಳುಗರಿಗೆ ಏನೂ ಕಾಣಲ್ಲ. ತಕ್ಷಣ ‘ಇಷ್ಟು ಅಂದ್ರ ಒಂದು ಮೊಳ ಆಗ್ತದೇನ್ರಿ?’ ಅಂತ ಕೇಳಿ. ಹೂಂ-ಇಲ್ಲ ಪ್ರಶ್ನೆ ಬೇಡ ಅನ್ನೋ ಮೇಲಿನ ಸಲಹೆಗೆ ಇದೊಂದು ವಿನಾಯಿತಿ. ಅವರೇ ‘ಇಲ್ರಿ, ಗೇಣು’ ಅಂತ ತಿದ್ದಿದರೆ ಇನ್ನೂ ಒಳ್ಳೇದು.

ಸಮಯ ಅವರನ್ನೇ ಕೇಳಿ ಗೊತ್ತು ಮಾಡಿ. ನೀವು ಕೂರಿಸಿಕೊಂಡಷ್ಟು ಹೊತ್ತು ಮಗ್ಗ ನಿಂತಿರುತ್ತೆ, ಅದು ಅವರ ದುಡಿಮೆ.

ಉತ್ತರ 3
ಸದ್ದಿನ ವಿಷಯಕ್ಕೆ ಬರ್ತೀನಿ. ಮಗ್ಗ ಆಡ್ತಿರುವಾಗ ಮಾತು ಬೇಡವೇ ಬೇಡ. ಕಾರಣ ಜೋರು ಸದ್ದು ಅಷ್ಟೇ ಅಲ್ಲ, ಲಯ. ಹಿನ್ನೆಲೆಯಲ್ಲಿ ಟಕ್-ಟಕ್ ಓಡ್ತಿರುವಾಗ ಮಾತಿನ ನಡುವೆ ಎರಡು ಸೆಕೆಂಡ್ ಕತ್ತರಿಸಿದರೆ ಬಡಿತ ತಪ್ಪುತ್ತೆ. ಮಾತು ಸರಿಯಾಗಿ ಕೂತಿದ್ದರೂ ಕತ್ತರಿ ಹಾಕಿದ ಜಾಗ ಕಿವಿಗೆ ಹೊಡೆಯುತ್ತೆ. ಪಕ್ಕದ ಮನೆಯಲ್ಲಿ ಪವರ್‌ಲೂಮ್ ಇದ್ದರೂ ಇದೇ ಗತಿ, ಒಳಕೋಣೆಗೆ ಹೋಗಿ.

ಮಾತು ಮುಗಿದ ಮೇಲೆ ಮಗ್ಗವನ್ನ ಬೇರೆಯಾಗಿ ತಗೊಳ್ಳಿ: ಲಾಳಿ (ಅಡ್ಡ ನೂಲು ಒಯ್ಯೋದು) ಓಡೋದು ಹತ್ತಿರದಿಂದ, ಹಣಿಗೆ (ಆ ನೂಲನ್ನ ಒತ್ತಿ ಕೂರಿಸೋ ಬಾಚಣಿಗೆ) ಬಡಿತ, ಬಾಗಿಲಿಂದ ಇಡೀ ಮನೆಯ ಸದ್ದು, ಒಂದೊಂದೂ ಎರಡು ನಿಮಿಷ. ಮಾತಾಡಿದ ಕೋಣೆಯ ಬರೀ ಮೌನ ಒಂದು ನಿಮಿಷ, ಎಡಿಟಿಂಗ್‌ನಲ್ಲಿ ತೇಪೆ ಹಾಕೋಕೆ ಬೇಕೇ ಬೇಕು.

ಮೈಕ್ ನಿಮ್ಮ ಕೈಯಲ್ಲೇ ಇರಲಿ, ಯಾರಿಗೂ ಕೊಡಬೇಡಿ. ಬಾಯಿಂದ ಒಂದು ಗೇಣಿಗಿಂತ ದೂರ ಬೇಡ, ನೇರ ಮುಂದೆಯೂ ಬೇಡ. ಸ್ವಲ್ಪ ಓರೆ ಹಿಡಿದರೆ ಪ, ಬ ಅಕ್ಷರಗಳ ಗಾಳಿ ಬಡಿಯಲ್ಲ. ವೈರನ್ನ ಒಂದು ಸುತ್ತು ಬೆರಳಿಗೆ ಸುತ್ಕೊಳ್ಳಿ, ಎಳೆದಾಡಿದ ಸದ್ದು ಬರಲ್ಲ. 48 ಕಿಲೋಹರ್ಟ್ಜ್, 24 ಬಿಟ್ ವೇವ್ ಫೈಲ್ ಇಡಿ. ಮೊನೊ (ಒಂದೇ ಚಾನೆಲ್) ಆದರೆ ಗಂಟೆಗೆ ಸುಮಾರು 520 ಎಂಬಿ. ಜೋರಾಗಿ ಮಾತಾಡಿದಾಗ ರೆಕಾರ್ಡರ್‌ನಲ್ಲಿ ಸದ್ದಿನ ಮಟ್ಟ ತೋರಿಸೋ ಮೀಟರ್ ಮೈನಸ್ 12 ಡಿಬಿ (ಡೆಸಿಬೆಲ್) ಹತ್ತಿರ ಬಂದರೆ ಸರಿ, ನಕ್ಕಾಗ ದನಿ ಒಡೆಯದೆ ಇರೋಕೆ ಅಷ್ಟು ಜಾಗ ಬೇಕು. ಫ್ಯಾನ್ ಆಫ್, ಫೋನ್ ಏರೋಪ್ಲೇನ್ ಮೋಡ್‌ನಲ್ಲಿ. ಹೆಡ್‌ಫೋನ್ ಇಲ್ಲದೆ ರೆಕಾರ್ಡ್ ಮಾಡೋರಿಗೆ ನನ್ನದೇನೂ ಸಲಹೆ ಇಲ್ಲ.

ಉತ್ತರ 4
ಯಾರೂ ಹೇಳದ್ದು ಒಂದಿದೆ. ಕನ್ನಡದಲ್ಲಿ ಕ್ರಿಯಾಪದ ಬರೋದು ಕೊನೆಗೆ. ‘ಆ ವರ್ಷ ಮಾತ್ರ ಮಗ್ಗ ನಾವು ನಿಲ್ಲಿಸ್…’ ಅನ್ನೋವರೆಗೂ ನಿಲ್ಲಿಸಿದರೋ, ನಿಲ್ಲಿಸಲಿಲ್ಲವೋ ಗೊತ್ತಾಗಲ್ಲ. ನಾವು ‘ಹಾಂ ಹಾಂ’ ಅನ್ನೋದು ಸರಿಯಾಗಿ ಅಲ್ಲೇ ಹೋಗಿ ಬೀಳುತ್ತೆ. ಇರೋದು ಒಂದೇ ಮೈಕ್, ಎರಡು ದನಿ ಬೆರೆತರೆ ಬಿಡಿಸೋಕಾಗಲ್ಲ. ಆದ್ದರಿಂದ ತಲೆ ಆಡಿಸಿ, ಬಾಯಿ ಬಿಡಬೇಡಿ. ವಾಕ್ಯ ಮುಗಿದ ಮೇಲೂ ಮನಸ್ಸಲ್ಲೇ ಒಂದರಿಂದ ನಾಲ್ಕು ಎಣಿಸಿ. ಆ ಖಾಲಿ ಜಾಗದಲ್ಲಿ ಅವರಾಗೇ ಸೇರಿಸೋ ಮಾತೇ ಎಷ್ಟೋ ಸಲ ಕಾರ್ಯಕ್ರಮಕ್ಕೆ ಬೇಕಾದ ಮಾತು.

ಮೈಕ್ ಕಂಡ ಕೂಡಲೇ ಕೆಲವರು ಭಾಷಣದ ಕನ್ನಡಕ್ಕೆ ಜಾರ್ತಾರೆ. ‘ಬೆಳಿಗ್ಗೆ ಏನು ನಾಷ್ಟಾ ಆತ್ರಿ?’ ಅಂತ ಮೂರು ನಿಮಿಷ ಹರಟಿ. ರೆಕಾರ್ಡರ್‌ಗೆ ಬೇಕಾದ ಸದ್ದಿನ ಲೆವೆಲ್ಲೂ ಸಿಗುತ್ತೆ, ಮನೆಮಾತೂ ವಾಪಸ್ ಬರುತ್ತೆ. ನೀವು ಆ ಕಡೆಯವರಲ್ಲದಿದ್ದರೆ ಅವರ ಮಾತನ್ನ ಅನುಕರಿಸೋಕೆ ಹೋಗಬೇಡಿ, ಅಣಕಿಸಿದ ಹಾಗಾಗುತ್ತೆ.

ಮತ್ತೆ ಪ್ರಶ್ನೆ ಕೇಳಿದವರು
ಕೂಲಿ, ಸರ್ಕಾರದ ಯೋಜನೆ ಅಂತ ಮಾತು ರಾಜಕೀಯಕ್ಕೆ ಹೋದರೆ?

ಉತ್ತರ 2
ತಡೀಬೇಡಿ, ಹೇಳಲಿ. ಸಮುದಾಯ ರೇಡಿಯೋದಲ್ಲಿ ನಾವೇ ಮಾಡಿದ ಸುದ್ದಿ, ರಾಜಕೀಯ ಕಾರ್ಯಕ್ರಮಕ್ಕೆ ಅನುಮತಿ ಇಲ್ಲ. ಹಾಗಾಗಿ ಪಕ್ಷದ ಮಾತು ಎಡಿಟ್‌ನಲ್ಲಿ ಹೋಗುತ್ತೆ ಅಂತ ಮೊದಲೇ ತಿಳಿಸಿ. ಒಂದು ಸೀರೆಗೆ ಎಷ್ಟು ದಿನ, ಕೈಗೆ ಎಷ್ಟು ಬರುತ್ತೆ ಅನ್ನೋದು ಅವರ ಬದುಕಿನ ಲೆಕ್ಕ, ಅದು ಇರಲಿ. ಪಾಡ್‌ಕಾಸ್ಟ್‌ನಲ್ಲೂ ಬರುತ್ತೆ, ವರ್ಷಗಟ್ಟಲೆ ಇರುತ್ತೆ ಅಂತ ಬಿಡಿಸಿ ಹೇಳಿ, ಒಪ್ಪಿಗೆಯನ್ನ ಅವರ ದನಿಯಲ್ಲೇ ರೆಕಾರ್ಡ್ ಮಾಡ್ಕೊಳ್ಳಿ.

ಉತ್ತರ 3
‘ಮುಗೀತ್ರಿ’ ಅಂದ ಮೇಲೆ ಚಹಾ ಬರುತ್ತೆ, ಅಸಲಿ ಮಾತೂ ಆಗಲೇ ಬರುತ್ತೆ. ರೆಕಾರ್ಡರ್ ಇನ್ನೂ ಓಡ್ತಿದೆ ಅಂತ ಹೇಳಿಯೇ ಓಡಿಸಿ, ಕದ್ದು ಬೇಡ. ಬಸ್ ಹತ್ತೋ ಮೊದಲು ಫೈಲನ್ನ ಇನ್ನೊಂದು ಕಡೆ ಕಾಪಿ ಮಾಡಿ, ಮೊದಲ ನಿಮಿಷ, ನಡುವಿನ ನಿಮಿಷ, ಕೊನೆಯ ನಿಮಿಷ ಕೇಳಿ ನೋಡಿ.