ಯೆಜ್ಡಿ ಎಂಜಿನ್ ಬಿಚ್ಚುವ ಸಾಧನಗಳು: ಮನೆಯಲ್ಲಿ ಯಾವುದನ್ನು ಮಾಡಿಕೊಳ್ಳಬಹುದು?

ಪ್ರಶ್ನೆ (ಹಾಸನದಿಂದ):
ನಮಸ್ಕಾರ. ತಂದೆಯವರ ಯೆಜ್ಡಿ 250 ಬೈಕಿನ ಎಂಜಿನ್ನನ್ನು ಪೂರ್ತಿ ಬಿಚ್ಚಿ ಬೇರಿಂಗ್ ಮತ್ತು ಆಯಿಲ್ ಸೀಲುಗಳನ್ನು ಬದಲಿಸಬೇಕೆಂದಿದ್ದೇನೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಅದರ ಸರ್ವಿಸ್ ಸಾಧನಗಳು ಹಳೆಯ ಮೆಕ್ಯಾನಿಕ್‌ಗಳ ಪೆಟ್ಟಿಗೆಗಳಲ್ಲಷ್ಟೇ ಉಳಿದಿವೆ, ಅವರೂ ಅವನ್ನು ಎರವಲು ಕೊಡಲು ಒಪ್ಪುವುದಿಲ್ಲ. ನನ್ನಲ್ಲಿ ವೈಸ್, ಡ್ರಿಲ್, ಅರಗಳು ಮತ್ತು ಚಿಕ್ಕದೊಂದು ವೆಲ್ಡಿಂಗ್ ಯಂತ್ರವಿದೆ. ಕ್ಲಚ್ ಹಬ್ ಹಿಡಿಯಲು, ಪಿಸ್ಟನ್ ಪಿನ್ ತೆಗೆಯಲು ಮತ್ತು ಡೈನಮೋ ಆರ್ಮೇಚರ್ (ಡೈನಮೋದ ತಿರುಗುವ ಸುರುಳಿ) ಕಳಚಲು ಬೇಕಾದ ಸಾಧನಗಳನ್ನು ನಾನೇ ಮಾಡಿಕೊಳ್ಳಬಹುದೇ?

ಉತ್ತರ (ಶಿವಮೊಗ್ಗದಿಂದ):
ಮೊದಲ ಎರಡನ್ನು ಧಾರಾಳವಾಗಿ ಮಾಡಿಕೊಳ್ಳಬಹುದು. ಕ್ಲಚ್ ಹಬ್ಬಿನ ಹಲ್ಲುಗಳಿಗೆ ಕೂರುವ ಹಳೆಯ ಉಕ್ಕಿನ ಪ್ಲೇಟುಗಳನ್ನು ಗುಜರಿಯಿಂದ ತಂದು, ಎರಡನ್ನು ಒಂದರ ಮೇಲೊಂದು ಜೋಡಿಸಿ, ಸುಮಾರು ಒಂದಡಿ ಉದ್ದದ ದಪ್ಪ ಕಬ್ಬಿಣದ ಪಟ್ಟಿಯನ್ನು ಹಿಡಿಯಾಗಿ ವೆಲ್ಡ್ ಮಾಡಿ. ಒಂದೇ ಪ್ಲೇಟಾದರೆ ಒತ್ತಡವೆಲ್ಲ ಹಬ್ಬಿನ ಕೆಲವೇ ಹಲ್ಲುಗಳ ಅಂಚಿನ ಮೇಲೆ ಬಿದ್ದು ಅವು ಮುಕ್ಕಾಗುತ್ತವೆ. ಪ್ಲೇಟು ತೆಳುವಾದ್ದರಿಂದ ಒಂದೇ ಸಮನೆ ವೆಲ್ಡ್ ಮಾಡಿದರೆ ಸೊಟ್ಟಗಾಗುತ್ತದೆ. ಚುಕ್ಕಿ ಚುಕ್ಕಿಯಾಗಿ, ಎದುರುಬದುರು ಜಾಗಗಳಲ್ಲಿ ಮಾಡಬೇಕು. ಪ್ರೈಮರಿ ಗೇರುಗಳ (ಕ್ರ್ಯಾಂಕಿನಿಂದ ಕ್ಲಚ್ಚಿಗೆ ಶಕ್ತಿ ಸಾಗಿಸುವವು) ನಡುವೆ ನಾಣ್ಯ ಸಿಕ್ಕಿಸುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ, ಯೆಜ್ಡಿಯಲ್ಲಿ ಅಲ್ಲಿರುವುದು ಚೈನು. ಹಬ್ಬಿನ ನಟ್ಟಿಗೆ ಕೈಹಾಕುವ ಮೊದಲು ಮಡಚಿದ ಲಾಕ್ ವಾಷರ್ ಬಿಡಿಸಿ, ಥ್ರೆಡ್ಡಿನ ಓರೆಯನ್ನು ನೋಡಿ ಅದು ಯಾವ ಕಡೆಗೆ ಸಡಿಲಾಗುತ್ತದೆಂದು ಖಚಿತಪಡಿಸಿಕೊಳ್ಳಿ.

ಪಿಸ್ಟನ್ ಪಿನ್ನಿಗೆ 8 ಮಿ.ಮೀ. ಥ್ರೆಡ್ ರಾಡು, ಎರಡು ನಟ್ಟು, ಎರಡು ವಾಷರ್ ಮತ್ತು ಒಂದು ತುಂಡು ಪೈಪು ಸಾಕು. ಪೈಪಿನ ಒಳಗೆ ಪಿನ್ನು ಸಲೀಸಾಗಿ ಹೋಗುವಂತಿರಬೇಕು. ಅದರ ಬಾಯನ್ನು ಪಿಸ್ಟನ್ನಿನ ದುಂಡಿಗೆ ಹೊಂದುವಂತೆ ಅರದಿಂದ ಉಜ್ಜಿ, ನಡುವೆ ಚರ್ಮದ ತುಂಡು ಇಡಿ. ರಾಡನ್ನು ಪಿನ್ನಿನ ಮೂಲಕ ತೂರಿಸಿ, ಆಚೆ ತುದಿಗೆ ಪಿನ್ನಿಗಿಂತ ಕೂದಲೆಳೆಯಷ್ಟು ಚಿಕ್ಕದಾಗಿ ಉಜ್ಜಿದ ವಾಷರ್ ಹಾಕಿದರೆ, ಈಚೆ ಪೈಪಿನ ಹೊರಬಾಯಿಗೆ ಅಡ್ಡವಾಗಿ ದೊಡ್ಡ ವಾಷರ್ ಇಟ್ಟು ನಟ್ಟನ್ನು ಬಿಗಿಸಿದಂತೆಲ್ಲ ಪಿನ್ನು ನಟ್ಟಿನ ಪ್ರತಿ ಸುತ್ತಿಗೂ 1.25 ಮಿ.ಮೀ.ನಂತೆ ಪೈಪಿನೊಳಕ್ಕೆ ಸರಿಯುತ್ತದೆ. ಎರಡೂ ಬದಿಯ ಸರ್ಕ್ಲಿಪ್ (ಪಿನ್ನನ್ನು ಹಿಡಿದಿಡುವ ಸ್ಪ್ರಿಂಗ್ ಬಳೆ) ತೆಗೆಯುವಾಗ ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕಿರಬೇಕು. ಸುತ್ತಿಗೆಯಿಂದ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುವ ಸಂಭವವಿದೆ.

ಉತ್ತರ (ದಾವಣಗೆರೆಯಿಂದ, ಲೇತ್ ಕೆಲಸ):
ಮೇಲಿನ ಮಾತುಗಳನ್ನು ಒಪ್ಪುತ್ತೇನೆ, ಆದರೆ ಆರ್ಮೇಚರ್ ಪುಲ್ಲರಿಗೆ (ಆರ್ಮೇಚರಿನ ನಡುವಿನ ಥ್ರೆಡ್ಡಿಗೆ ತಿರುಗಿಸಿ ಅದನ್ನು ಕಳಚುವ ಬೋಲ್ಟು) ವೆಲ್ಡಿಂಗ್ ಬಳಸಬೇಡಿ. ಆರ್ಮೇಚರ್ ಕ್ರ್ಯಾಂಕಿನ ಟೇಪರ್ (ತುದಿಯತ್ತ ಕಿರಿದಾಗುವ ಭಾಗ) ಮೇಲೆ ಕಚ್ಚಿಕೊಂಡಿರುತ್ತದೆ, ಅದನ್ನು ಬಿಡಿಸಲು ಬೇಕಾದ ಬಲವೆಲ್ಲ ಕೆಲವೇ ಸುತ್ತು ಥ್ರೆಡ್ಡಿನ ಮೇಲೆ ಬೀಳುತ್ತದೆ. ಮೆದು ಕಬ್ಬಿಣದ ಬೋಲ್ಟಿನ ಥ್ರೆಡ್ಡು ಒಳಗೇ ಕಿತ್ತು ಕುಳಿತರೆ ಆಮೇಲೆ ಯಾವ ಉಪಾಯವೂ ಸುಲಭವಲ್ಲ. ಥ್ರೆಡ್ ಗೇಜಿನಿಂದ ಅಳತೆ ತೆಗೆದು, ತಲೆಯ ಮೇಲೆ 10.9 ಎಂದು (ಗಟ್ಟಿ ಉಕ್ಕಿನ ಗುರುತು) ಅಚ್ಚಾಗಿರುವ ಬೋಲ್ಟನ್ನು ಲೇತಿನವರಿಂದ ಸರಿಪಡಿಸಿಕೊಳ್ಳಿ. ಎರಡು ಕಾಲಿನ ಪುಲ್ಲರನ್ನು ಅಂಚಿಗೆ ಸಿಕ್ಕಿಸುವವರೂ ಇದ್ದಾರೆ. ಅಲ್ಲಿರುವುದು ತಾಮ್ರದ ಸುರುಳಿ ಎಂಬುದು ಅವರಿಗೆ ಆಮೇಲೆ ನೆನಪಾಗುತ್ತದೆ.

ಕ್ರ್ಯಾಂಕ್ ತಿರುಗದಂತೆ ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ಸಿಲಿಂಡರಿನೊಳಗೆ ಹಗ್ಗ ತುಂಬುವ ಪದ್ಧತಿ ಒಳ್ಳೆಯದೇ. ಆದರೆ ಇದು ಟೂ-ಸ್ಟ್ರೋಕ್ ಎಂಜಿನ್ನಾದ್ದರಿಂದ, ಪಿಸ್ಟನ್ ಮೇಲೇರುತ್ತ ಎಕ್ಸಾಸ್ಟ್ ಪೋರ್ಟನ್ನು (ಸಿಲಿಂಡರ್ ಗೋಡೆಯಲ್ಲಿ ಹೊಗೆ ಹೋಗುವ ಕಿಂಡಿ) ಮುಚ್ಚಿದ ಮೇಲೆಯೇ ಹಗ್ಗ ಹಾಕಬೇಕು, ಇಲ್ಲವಾದರೆ ಅದರ ತುದಿ ಪೋರ್ಟಿನಲ್ಲಿ ಸಿಕ್ಕಿ ತುಂಡಾಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಕ್ರ್ಯಾಂಕ್‌ಕೇಸಿನಲ್ಲಿ ಕುಳಿತಿರುವ ಬೇರಿಂಗುಗಳಿಗೂ ಪುಲ್ಲರ್ ಬೇಕೇ?

ಉತ್ತರ (ಶಿವಮೊಗ್ಗದಿಂದ):
ಬಹುಪಾಲು ಬೇಡ, ಶಾಖವೇ ಸಾಕು. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ: 80 ಡಿಗ್ರಿಯಷ್ಟು ಬಿಸಿ ಏರಿದರೆ 52 ಮಿ.ಮೀ. ರಂಧ್ರ 0.09 ಮಿ.ಮೀ.ಗಿಂತ ತುಸು ಹೆಚ್ಚೇ ಅಗಲವಾಗುತ್ತದೆ, ಬೇರಿಂಗು ಬೆಳೆಯುವುದು 0.05 ಮಾತ್ರ. ಸೀಲುಗಳನ್ನು ಮೊದಲು ತೆಗೆದು, ಕೇಸನ್ನು ಚೆನ್ನಾಗಿ ತೊಳೆದು, ಅಡುಗೆಗೆ ಬಳಸದ ಓವನ್ನಿನಲ್ಲಿ ಸಮನಾಗಿ ಕಾಯಿಸಿ; ಗ್ಯಾಸ್ ಟಾರ್ಚನ್ನು ಒಂದೇ ಕಡೆ ಹಿಡಿದರೆ ಕೇಸು ಸೊಟ್ಟಗಾಗುತ್ತದೆ. ಮೇಲೆ ಚಿಮುಕಿಸಿದ ನೀರಿನ ಹನಿ ಚುರ್ ಎಂದು ಹಾರಿದಾಗ ಕೇಸನ್ನು ಮರದ ಹಲಗೆಯ ಮೇಲೆ ಬೋರಲಾಗಿ ಕುಟ್ಟಿದರೆ ಬೇರಿಂಗು ತಾನಾಗಿ ಉದುರುತ್ತದೆ. ಹೊಸದನ್ನು ಕೂರಿಸುವಾಗ ಅದನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು, ಅದರ ಹೊರಗಿನ ರೇಸಿಗಷ್ಟೇ (ಉಕ್ಕಿನ ಬಳೆ) ತಾಗುವ ಪೈಪಿನಿಂದ ಒತ್ತಿ.