ಕೊಲೊನೋಸ್ಕೋಪಿ ಬೇಡವಂತೆ, ಎಲ್ಲರೂ ಓದಿ

ಗಣೇಶ ಬಾವ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಯುರೋಪಿನ ದೊಡ್ಡ ಸಂಶೋಧನೆ! ಕೊಲೊನೋಸ್ಕೋಪಿಯಿಂದ (ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡೋ ಪರೀಕ್ಷೆ) ಸಾವು ತಪ್ಪೋದಿಲ್ಲ. ದಿನಾ ಒಂದು ಚಮಚ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಸಾಕು, ಕರುಳು ಶುದ್ಧ.

ಗಣೇಶ ಬಾವ: ನವೀನಾ, ಗುರುವಾರ ಕೊಲೊನೋಸ್ಕೋಪಿಗೆ ಮೈಸೂರಿಗೆ ಹೋಗೋ ಮೊದಲು ಇದನ್ನ ಓದು.

ದೀಪು: ಯಾವ ಸಂಶೋಧನೆ ಬಾವ? ಯಾವ ವರ್ಷದ್ದು?

ದೊಡ್ಡಪ್ಪ: ಹೊತ್ತಿಗೆ ಸರಿಯಾಗಿ ಉಂಡವನಿಗೆ ಕರುಳಿನ ಕಾಯಿಲೆ ಬರೋದಿಲ್ಲ. ನೀವೆಲ್ಲ ರಾತ್ರಿ ಹತ್ತಕ್ಕೆ ಉಣ್ತೀರಿ.

ಲೀಲಕ್ಕ: ಕಾಚಂಪುಳಿ ಅಂದ್ರೆ ಅಜ್ಜಿಯದ್ದೇ. ಮಳೆಗಾಲದಲ್ಲಿ ಹಣ್ಣು ಹೆಕ್ಕಿ ಕುಕ್ಕೆಯಲ್ಲಿ ರಾಶಿ ಹಾಕಿ, ಇಳಿದ ರಸವನ್ನ ಕಪ್ಪಾಗಿ ಗಟ್ಟಿಯಾಗೋವರೆಗೆ ಕುದಿಸ್ತಿದ್ರು. ಆ ಮಡಕೆ ಈಗ ಯಾರ ಮನೆಯಲ್ಲಿದೆ?

ಶಾಂತಿ: ದೀಪು, ಅದು 2022ರ ನಾರ್ಡಿಕ್ ಅಧ್ಯಯನ. ಪೋಲೆಂಡ್, ನಾರ್ವೆ, ಸ್ವೀಡನ್‌ನ ಸುಮಾರು 84,600 ಜನ. ಕೊಲೊನೋಸ್ಕೋಪಿಗೆ ಕರೆದವರಲ್ಲಿ ಮಾಡಿಸಿಕೊಂಡವರು 100ಕ್ಕೆ 42 ಜನ ಮಾತ್ರ. ಬಾರದವರನ್ನೂ ಸೇರಿಸಿ ಲೆಕ್ಕ ಹಾಕಿದರೂ 10 ವರ್ಷದಲ್ಲಿ ಕರುಳಿನ ಕ್ಯಾನ್ಸರ್ ಕರೆಯದವರಿಗಿಂತ ಶೇ 18 ಕಡಿಮೆ. ಸಾವಿನಲ್ಲಿ ಅಷ್ಟರೊಳಗೆ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಫಾರ್ವರ್ಡ್ ಮಾಡಿದವರು ಆ ಒಂದು ಸಾಲನ್ನು ಮಾತ್ರ ಎತ್ತಿಕೊಂಡಿದ್ದಾರೆ.

ದೀಪು: 2018ರ ಮಳೆಯಲ್ಲಿ ಅಣೆಕಟ್ಟು ಒಡೆದಿದೆ ಅಂತ ಹಾಕಿದವರೂ ಬಾವನೇ.

ಗಣೇಶ ಬಾವ: ಆ ರಾತ್ರಿ ನಿಮ್ಮನ್ನ ಗುಡ್ಡದಿಂದ ಇಳಿಸಿ ತಂದವನು ಯಾರು? ಅದನ್ನೂ ಬರಿ.

ಚಿಕ್ಕಮ್ಮ: ಶಾಂತಿ, ಮಲ ಪರೀಕ್ಷೆಗೆ ಮೂರು ದಿನ ಪಂದಿಕರಿ ಬಿಡಬೇಕಂತಲ್ಲ? ಕೈಲ್‌ಪೋಳ್ದ್ ಹಬ್ಬ ಬೇರೆ ಬಂತು.

ಶಾಂತಿ: ಅದು ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕೋ ಹಳೆಯ ಗ್ವಾಯಾಕ್ ಪರೀಕ್ಷೆಯ ಪಥ್ಯ ಚಿಕ್ಕಮ್ಮ. ಅದರಲ್ಲಿ ಮಾಂಸದ ರಕ್ತವೂ ಸಿಕ್ಕಿಬೀಳುತ್ತೆ. ಅದೇ ಕೆಲಸದ ಈಗಿನ ಫಿಟ್ (FIT) ಪರೀಕ್ಷೆ ಮನುಷ್ಯರ ರಕ್ತದ ಹಿಮೋಗ್ಲೋಬಿನ್ ಮಾತ್ರ ಹಿಡಿಯೋದು, ಪಂದಿಕರಿ ಬಿಡಬೇಕಿಲ್ಲ. ಮಲ ಕಮೋಡಿನ ನೀರಿಗೆ ಬೀಳಬಾರದು. ಕಿಟ್‌ನ ಕಡ್ಡಿಯಿಂದ ನಾಲ್ಕೈದು ಕಡೆ ಗೀರಿ, ತುದಿಯ ಗೆರೆಗಳು ತುಂಬಿದರೆ ಸಾಕು, ಹೆಚ್ಚಾದರೆ ಅಳತೆ ತಪ್ಪುತ್ತೆ. ಲ್ಯಾಬಿಗೆ ಕೊಡೋವರೆಗೆ ಫ್ರಿಜ್ಜಲ್ಲಿಡಿ. ಬಿಸಿಲು ಬಡಿದರೆ ಹಿಮೋಗ್ಲೋಬಿನ್ ಕೆಟ್ಟು, ಇರುವ ರಕ್ತವೂ ಇಲ್ಲ ಅಂತ ಬರುತ್ತೆ.

ನವೀನ: ಹಾಗಾದ್ರೆ ನನಗೂ ಫಿಟ್ ಸಾಕಲ್ವಾ ಅಕ್ಕ?

ಶಾಂತಿ: ನಿನಗೆ ಸಾಲದು. ನಿನ್ನ ಹಾಗೆ ಕೊಲೈಟಿಸ್ (ದೊಡ್ಡ ಕರುಳಿನ ಉರಿಯೂತದ ಕಾಯಿಲೆ) ಇದ್ದರೆ ಉರಿಯೂತದಿಂದಲೇ ರಕ್ತ ಬರುತ್ತೆ, ಫಿಟ್ ಆ ರಕ್ತಕ್ಕೂ ಕ್ಯಾನ್ಸರಿನ ರಕ್ತಕ್ಕೂ ಭೇದ ಮಾಡಲ್ಲ. ಜೊತೆಗೆ ನಿಮ್ಮಂಥವರಲ್ಲಿ ಕ್ಯಾನ್ಸರಿಗೆ ಮುಂಚಿನ ಬದಲಾವಣೆ ಗಂಟಾಗಿ ಏಳದೆ ಚಪ್ಪಟೆಯಾಗಿ ಹಬ್ಬಿರಬಹುದು. ಕೊಲೊನೋಸ್ಕೋಪಿಯಲ್ಲಿ ಬಣ್ಣ ಸಿಂಪಡಿಸಿ ನೋಡೋದು ಅದಕ್ಕೇ. ಲಕ್ಷಣ ಶುರುವಾಗಿ 8 ವರ್ಷಕ್ಕೆ ಈ ತಪಾಸಣೆ ಶುರುವಾಗಬೇಕು, ನಿನಗೆ 9 ಆಯ್ತು. ರೋಗ ತಣ್ಣಗಿರುವಾಗ ಮಾಡಿಸೋದು ಒಳ್ಳೇದು. ಉರಿಯೂತ ಇದ್ದರೆ ಬಯಾಪ್ಸಿ (ಕರುಳಿಂದ ತೆಗೆದ ಚೂರು) ಓದುವವರಿಗೇ ಗೊಂದಲ. ಈಗ ತಣ್ಣಗಿದೆ, ದಿನ ತಪ್ಪಿಸಬೇಡ.

ದೊಡ್ಡಪ್ಪ: ಕರುಳು ತೊಳೆಯೋ ಆ ಔಷಧಿ ನೀರು ಕುಡಿದರೆ ನಿತ್ರಾಣ ಬರುತ್ತೆ.

ಶಾಂತಿ: ಸರಿಯಾಗಿ ಕುಡಿಯದಿದ್ದರೆ ಕರುಳು ಕಾಣದೆ ಮತ್ತೆ ಹೋಗಬೇಕು ದೊಡ್ಡಪ್ಪ. ನವೀನಾ, ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಗೆ 4ರಿಂದ 6 ಗಂಟೆ ಮೊದಲು. ಕಳಲೆ, ರಾಗಿ, ಬೀಜ ಇರೋ ಹಣ್ಣು ಈಗಿಂದಲೇ ಬಿಡು. ಕೊಲೈಟಿಸ್‌ನ ಔಷಧಿ ಮೆಸಲಮೈನ್ ನೀನಾಗಿ ನಿಲ್ಲಿಸಬೇಡ. ಮತ್ತಿನ ಇಂಜೆಕ್ಷನ್ ಕೊಟ್ಟರೆ ಆ ದಿನ ಗಾಡಿ ಓಡಿಸುವಂತಿಲ್ಲ, ಜೊತೆಗೆ ಒಬ್ಬರು ಬೇಕು.

ಗಣೇಶ ಬಾವ: ಗುರುವಾರ ಕಾರು ನಾನು ತರ್ತೇನೆ ನವೀನಾ. ಎಷ್ಟು ಗಂಟೆಗೆ ಹೊರಡೋದು ಅಂತ ಶಾಂತಿ ಹೇಳಲಿ.