ಮನೆಯಲ್ಲಿ ಕಟ್ಟಿದ ಇಎಲ್ 84 ಆಂಪ್ಲಿಫೈಯರ್: ಗುಂಯ್‌ಗುಡುವ ಸದ್ದು ಮತ್ತು ಫೀಡ್‌ಬ್ಯಾಕ್

ಪ್ರಶ್ನೆ:
ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯ ಮುದ್ರೆಯಿರುವ ಎರಡು ಹಳೆಯ ಇಎಲ್ 84 ವಾಲ್ವ್‌ಗಳು (ಸ್ಪೀಕರ್ ನಡೆಸುವ ಗಾಜಿನ ನಿರ್ವಾತ ಕೊಳವೆಗಳು) ನನ್ನಲ್ಲಿದ್ದವು. ಅವುಗಳ ಜೊತೆಗೆ ಸಿಗ್ನಲನ್ನು ಮೊದಲು ಹಿಗ್ಗಿಸಲು ಒಂದು ಇಸಿಸಿ 83 ವಾಲ್ವ್ ಮತ್ತು ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ವಾಲ್ವ್) ಆಗಿ ಇಜೆಡ್ 81 ಬಳಸಿ, ಸಿಂಗಲ್ ಎಂಡೆಡ್ (ಪ್ರತಿ ಚಾನೆಲ್‌ಗೆ ಒಂದೇ ಔಟ್‌ಪುಟ್ ವಾಲ್ವ್) ಮಾದರಿಯ ಸ್ಟೀರಿಯೋ ಆಂಪ್ಲಿಫೈಯರ್ ಕಟ್ಟಿದ್ದೇನೆ. ಸಂಗೀತ ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ಧ್ವನಿಯನ್ನು ಪೂರ್ತಿ ತಗ್ಗಿಸಿದಾಗಲೂ ಗುಂಯ್‌ಗುಡುವ ಸದ್ದು ಉಳಿಯುತ್ತದೆ. ಔಟ್‌ಪುಟ್‌ನ ಒಂದು ಪಾಲನ್ನು ಮೊದಲ ಹಂತಕ್ಕೆ ಮರಳಿಸುವ ಫೀಡ್‌ಬ್ಯಾಕ್ ತಂತಿಯನ್ನು ಜೋಡಿಸಿದ ಕೂಡಲೇ ಸ್ಪೀಕರ್ ಕಿರುಚುತ್ತದೆ. ಇಎಲ್ 84ರ ಆನೋಡ್‌ನಲ್ಲಿ (ಎಲೆಕ್ಟ್ರಾನ್‌ಗಳನ್ನು ಸೆಳೆಯುವ ಭಾಗ) 278 ವೋಲ್ಟ್, ಅವುಗಳನ್ನು ಹೊರಸೂಸುವ ಕ್ಯಾಥೋಡ್‌ಗೆ ಜೋಡಿಸಿದ 130 ಓಮ್‌ನ ರೆಸಿಸ್ಟರ್ ಮೇಲೆ 7.9 ವೋಲ್ಟ್ ಇದೆ. ಎಲ್ಲಿಂದ ಆರಂಭಿಸಲಿ?

ಉತ್ತರ 1:
ಸದ್ದಿಗಿಂತ ಮೊದಲು ನಿಮ್ಮ ವಾಲ್ವ್‌ಗಳನ್ನು ಉಳಿಸಿಕೊಳ್ಳಬೇಕು. 7.9 ವೋಲ್ಟನ್ನು 130ರಿಂದ ಭಾಗಿಸಿದರೆ ಸುಮಾರು 61 ಮಿಲಿಆಂಪಿಯರ್ ಬರುತ್ತದೆ. ಅದರಲ್ಲಿ ಸ್ಕ್ರೀನ್ ಗ್ರಿಡ್‌ನ (ವಾಲ್ವ್‌ನೊಳಗಿನ ಇನ್ನೊಂದು ಎಲೆಕ್ಟ್ರೋಡ್) ಪಾಲನ್ನು ಕಳೆದರೂ ಆನೋಡ್‌ಗೆ 55ರಷ್ಟು ಉಳಿಯುವುದರಿಂದ, ಆನೋಡ್ ಮತ್ತು ಕ್ಯಾಥೋಡ್ ನಡುವಿನ 270 ವೋಲ್ಟ್‌ನೊಂದಿಗೆ ಗುಣಿಸಿದಾಗ ಸುಮಾರು 15 ವ್ಯಾಟ್ ಆಗುತ್ತದೆ. ಇಎಲ್ 84ರ ಆನೋಡ್ ತಾಳಬಲ್ಲದ್ದು 12 ವ್ಯಾಟ್ ಮಾತ್ರ. ಹೀಗೆ ಓಡಿಸಿದರೆ ಈ ಹಳೆಯ ವಾಲ್ವ್‌ಗಳು ಬೇಗನೆ ಸವೆಯುತ್ತವೆ, ಅದು ನಿಜಕ್ಕೂ ನೋವಿನ ಸಂಗತಿ. 130 ಓಮ್ ಬದಲು 220 ಓಮ್ ಹಾಕಿ, ಮತ್ತೆ ಅಳೆಯಿರಿ.

ಆಂಪ್ಲಿಫೈಯರ್ ಆರಿಸಿದ ನಂತರವೂ ಫಿಲ್ಟರ್ ಕಪಾಸಿಟರ್‌ಗಳಲ್ಲಿ ಪ್ರಾಣಕ್ಕೇ ಅಪಾಯ ತರುವಷ್ಟು ವೋಲ್ಟೇಜ್ ಉಳಿದಿರುತ್ತದೆ. ಅವುಗಳಿಗೆ ಉಳಿದ ಚಾರ್ಜನ್ನು ಹರಿದುಬಿಡುವ ಕಾಯಂ ಬ್ಲೀಡರ್ ರೆಸಿಸ್ಟರ್ ಜೋಡಿಸಿ, ಮೀಟರ್‌ನಲ್ಲಿ ಸೊನ್ನೆಯ ಹತ್ತಿರ ಬಂದುದನ್ನು ನೋಡಿದ ಮೇಲೆಯೇ ಕೈ ಹಾಕಿ. ಪರೀಕ್ಷೆಯ ಸಮಯದಲ್ಲಿ ಸ್ಪೀಕರ್ ಬದಲು 8 ಓಮ್‌ನ, 10 ವ್ಯಾಟ್‌ಗೆ ಕಡಿಮೆಯಿಲ್ಲದ ರೆಸಿಸ್ಟರ್ ಇರಲಿ. ಲೋಡ್ ಇಲ್ಲದೆ ಸಿಗ್ನಲ್ ಕೊಟ್ಟರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಯಲ್ಲಿ (ವಾಲ್ವ್ ಕಡೆಯ ಸುರುಳಿ) ವೋಲ್ಟೇಜ್ ವಿಪರೀತ ಏರಿ, ಅದರ ಇನ್ಸುಲೇಶನ್ ಹಾಳಾಗಬಹುದು.

ಉತ್ತರ 2:
ಗುಂಯ್‌ಗುಡುವ ಸದ್ದಿನ ಆವರ್ತನ ತಿಳಿಯದೆ ಯಾವ ಬಿಡಿಭಾಗವನ್ನೂ ಬದಲಾಯಿಸಬೇಡಿ. ನಮ್ಮ ವಿದ್ಯುತ್ ಪೂರೈಕೆ 50 ಹರ್ಟ್ಸ್ ಆದ್ದರಿಂದ, ಪೂರ್ಣ ತರಂಗ ರೆಕ್ಟಿಫೈಯರ್‌ನ ಅಳಿದುಳಿದ ಏರಿಳಿತ 100 ಹರ್ಟ್ಸ್‌ನಲ್ಲಿರುತ್ತದೆ. ಕ್ಯಾಥೋಡನ್ನು ಕಾಯಿಸುವ ಹೀಟರ್‌ನ ತಂತಿಯಿಂದಲೋ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರದಿಂದಲೋ ನುಸುಳುವುದು ಮುಖ್ಯವಾಗಿ 50 ಹರ್ಟ್ಸ್. ಮೊಬೈಲ್‌ನ ಸ್ಪೆಕ್ಟ್ರಮ್ ಆ್ಯಪ್ ಇದನ್ನು ತೋರಿಸಬಲ್ಲದು, ಆದರೆ ಪುಟ್ಟ ಸ್ಪೀಕರ್ 50 ಹರ್ಟ್ಸನ್ನು ಸರಿಯಾಗಿ ಹೊರಡಿಸದು ಎಂಬುದು ನೆನಪಿರಲಿ.

ಇಸಿಸಿ 83 ತೆಗೆದಾಗ ಸದ್ದು ನಿಂತರೆ ದೋಷ ಇಸಿಸಿ 83ರ ಮೊದಲ ಹಂತದಲ್ಲಿದೆ. ಹೀಟರ್ ತಂತಿಗಳನ್ನು ಬಿಗಿಯಾಗಿ ಹೊಸೆದು, ಹೀಟರ್ ವೈಂಡಿಂಗ್‌ಗೆ ಸೆಂಟರ್ ಟ್ಯಾಪ್ (ಸುರುಳಿಯ ನಡುವಿನಿಂದ ಹೊರಬರುವ ತಂತಿ) ಇಲ್ಲದಿದ್ದರೆ ಎರಡು ತುದಿಗಳಿಂದಲೂ ನೂರು ನೂರು ಓಮ್‌ನ ರೆಸಿಸ್ಟರ್‌ಗಳನ್ನು ಗ್ರೌಂಡ್‌ಗೆ ಕೊಡಿ. ಸದ್ದು ಉಳಿದರೆ ಎಲ್ಲ ವಾಲ್ವ್‌ಗಳನ್ನೂ ತೆಗೆದು, ಔಟ್‌ಪುಟ್‌ಗೆ ಹೆಡ್‌ಫೋನ್ ಜೋಡಿಸಿ, ಪವರ್ ಟ್ರಾನ್ಸ್‌ಫಾರ್ಮರ್‌ಗೆ ಮಾತ್ರ ವಿದ್ಯುತ್ ಕೊಡಿ. ಆಗಲೂ ಕೇಳಿಸುವುದು ಪವರ್ ಮತ್ತು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗಳ ನಡುವಿನ ಕಾಂತೀಯ ಸಂಬಂಧವೇ; ಒಂದನ್ನು 90 ಡಿಗ್ರಿ ತಿರುಗಿಸಬೇಕು.

ಉತ್ತರ 3:
ಕಿರುಚುವಿಕೆಗೆ ಕಾರಣ ಸರಳ: ನಿಮ್ಮ ನೆಗೆಟಿವ್ ಫೀಡ್‌ಬ್ಯಾಕ್ ಪಾಸಿಟಿವ್ ಆಗಿದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಯ ಎರಡು ತುದಿಗಳನ್ನು ಅದಲುಬದಲು ಮಾಡಿ.

ಪ್ರಶ್ನೆ ಕೇಳಿದವರು:
220 ಓಮ್ ಹಾಕಿದ ಮೇಲೆ ಕ್ಯಾಥೋಡ್‌ನಲ್ಲಿ 9.4 ವೋಲ್ಟ್ ಬಂದಿದೆ, ಅಂದರೆ ಒಟ್ಟು 43 ಮಿಲಿಆಂಪಿಯರ್. ಪ್ರೈಮರಿ ತುದಿಗಳನ್ನು ಬದಲಾಯಿಸಿದ ನಂತರ ಕಿರುಚುವಿಕೆ ನಿಂತಿದೆ. ವಾಲ್ವ್‌ಗಳಿಲ್ಲದಾಗಲೂ ಹೆಡ್‌ಫೋನ್‌ನಲ್ಲಿ ಸದ್ದು ಕೇಳಿಸಿತು, ಎಡ ಚಾನೆಲ್‌ನಲ್ಲಿ ಹೆಚ್ಚು. ಪವರ್ ಟ್ರಾನ್ಸ್‌ಫಾರ್ಮರ್‌ಗೆ ಹತ್ತಿರವಿರುವುದು ಆ ಚಾನೆಲ್‌ನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಅದನ್ನು ತಿರುಗಿಸಿ ಕೂರಿಸಲು ಷಾಸಿಯಲ್ಲಿ ಹೊಸ ರಂಧ್ರಗಳನ್ನು ಕೊರೆಯುತ್ತಿದ್ದೇನೆ.